ಆ ವಾರ್ನಿಂಗ್ ಬಂದಾಗ ‘ಯೆಸ್’ ಒತ್ತಬೇಡಿ: ಹುಣಸೂರಿನ ಸರ್ವರ್ ನಮಗೆ ಕಲಿಸಿದ್ದು

ಸೆಕ್ಯುರಿಟಿ ಸರ್ಟಿಫಿಕೇಟ್ ನಮ್ಮ ಸಿಲಬಸ್ಸಿನಲ್ಲಿ ಇನ್ನೂ ಬಂದಿಲ್ಲ. ಆದರೆ ಕಳೆದ ರಜೆಯಲ್ಲಿ ನಾವು ಮೂರು ಜನ ಸೇರಿ ಒಂದು ಆಫೀಸಿನ ಸರ್ವರ್‌ಗೆ ಅದನ್ನು ಹಾಕಿ ಬಂದೆವು. ಅರ್ಧ ಸರಿಯಾಗಿ, ಅರ್ಧ ತಪ್ಪಾಗಿ. ಎರಡನ್ನೂ ಇಲ್ಲಿ ಬರೆಯುತ್ತಿದ್ದೇವೆ.

ನಮ್ಮಲ್ಲೊಬ್ಬನ ಸೋದರಮಾವ ಹುಣಸೂರಿನಲ್ಲಿ ಲೆಕ್ಕಪತ್ರ, ಜಿಎಸ್‌ಟಿ ನೋಡುವ ಸಣ್ಣ ಆಫೀಸು ನಡೆಸುತ್ತಾರೆ. ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯಲ್ಲಿ ಒಬ್ಬೊಬ್ಬರು ಕೆಲಸಕ್ಕಿದ್ದಾರೆ. ಮೊದಲು ಅವರು ಪೆನ್‌ಡ್ರೈವ್ ಹಿಡಿದು ಬಸ್ಸಿನಲ್ಲಿ ಬರುತ್ತಿದ್ದರಂತೆ. ಆಮೇಲೆ ಯಾರೋ ಹುಣಸೂರಿನ ಸರ್ವರ್‌ಗೆ ರಿಮೋಟ್ ಡೆಸ್ಕ್‌ಟಾಪ್ ಹಾಕಿಕೊಟ್ಟರು. ಎಲ್ಲರೂ ತಮ್ಮ ಊರಿಂದಲೇ ಲಾಗಿನ್ ಆಗೋದು. ಒಂದೇ ತೊಂದರೆ, ಕನೆಕ್ಟ್ ಆಗುವಾಗ ಹಳದಿ ಬಣ್ಣದ ವಾರ್ನಿಂಗ್: ಈ ಕಂಪ್ಯೂಟರಿನ ಗುರುತು ಖಚಿತವಾಗಿಲ್ಲ, ಆದರೂ ಕನೆಕ್ಟ್ ಮಾಡಬೇಕಾ?

ಕೋಟೆಯ ಅಕ್ಕನನ್ನು ಕೇಳಿದೆವು. “ಅದು ದಿನಾ ಬರುತ್ತೆ ಕಣಪ್ಪ, ಯೆಸ್ ಒತ್ತಿದ್ರೆ ಹೋಗುತ್ತೆ. ಹಂಗೇ ಹೇಳ್ಕೊಟ್ಟಿದ್ದಾರೆ” ಅಂದರು.

ಆ ವಾರ್ನಿಂಗ್ ಯಾಕೆ ಬರುತ್ತೆ?

ರಿಮೋಟ್ ಡೆಸ್ಕ್‌ಟಾಪ್‌ಗೆ ವಿಂಡೋಸ್ ತಾನೇ ಒಂದು ಸರ್ಟಿಫಿಕೇಟ್ ಮಾಡಿ, ತಾನೇ ಸಹಿ ಹಾಕಿಕೊಳ್ಳುತ್ತೆ. ಜಮೀನು ಮಾರುವವನು ಬಿಳಿ ಹಾಳೆಯಲ್ಲಿ ‘ಇದು ನಂದೇ’ ಅಂತ ಬರೆದು ತಂದ ಹಾಗೆ. ಅದು ನಿಜವೂ ಇರಬಹುದು. ಆದರೆ ನಾವು ಪಹಣಿ ಕೇಳ್ತೀವಿ, ಯಾಕಂದ್ರೆ ಅದನ್ನು ಕೊಡೋದು ಮಾರುವವನಲ್ಲ, ಕಂದಾಯ ಇಲಾಖೆ. ಇಂಟರ್ನೆಟ್‌ನಲ್ಲಿ ಆ ಮೂರನೆಯವರ ಕೆಲಸ ಮಾಡೋದು ಸರ್ಟಿಫಿಕೇಟ್ ಅಥಾರಿಟಿ. ‘ಈ ಹೆಸರು ಈ ಸರ್ವರ್‌ದೇ’ ಅಂತ ಪರೀಕ್ಷೆ ಮಾಡಿ ಸಹಿ ಹಾಕುತ್ತೆ.

“ಡೇಟಾ ಎನ್‌ಕ್ರಿಪ್ಟ್ ಆಗಿಯೇ ಹೋಗುತ್ತಲ್ಲ, ಮತ್ತೇನು?” ಅಂತ ನಮಗೂ ಅನ್ನಿಸಿತ್ತು. ಹೌದು, ಎನ್‌ಕ್ರಿಪ್ಟ್ ಆಗುತ್ತೆ. ಆದರೆ ಆ ಕಡೆ ಇರೋದು ಯಾರು? ಮಧ್ಯದಲ್ಲಿ ಒಬ್ಬ ನಿಂತು ‘ನಾನೇ ಹುಣಸೂರಿನ ಸರ್ವರ್’ ಅಂದರೂ ಇದೇ ವಾರ್ನಿಂಗ್ ಬರುತ್ತೆ, ಅಕ್ಕ ಇದೇ ಯೆಸ್ ಒತ್ತುತ್ತಾರೆ. ಬೀಗ ಗಟ್ಟಿಯಾಗಿದೆ, ಕೀಲಿ ಮಾತ್ರ ಕಳ್ಳನ ಕೈಯಲ್ಲಿ. ಆ ಸರ್ವರ್‌ನಲ್ಲಿ ನಾಲ್ಕು ತಾಲ್ಲೂಕಿನ ಅಂಗಡಿಗಳ, ಹೊಗೆಸೊಪ್ಪು ಬೆಳೆಗಾರರ ಪ್ಯಾನ್ ನಂಬರು, ಬ್ಯಾಂಕ್ ಲೆಕ್ಕ ಎಲ್ಲ ಇದೆ.

ಸಹಿ ಹಾಕುವವರೇ ತಪ್ಪಿದರೆ? ಅದೂ ಆಗಿದೆ. 2014ರ ಜುಲೈನಲ್ಲಿ ನಮ್ಮ ದೇಶದ ಎನ್‌ಐಸಿಯ ಅಥಾರಿಟಿಯಿಂದ ಗೂಗಲ್‌ನ ಹೆಸರುಗಳಿಗೆ ಅನುಮತಿಯಿಲ್ಲದ ಸರ್ಟಿಫಿಕೇಟ್‌ಗಳು ಹೊರಬಿದ್ದದ್ದನ್ನು ಗೂಗಲ್ ಪತ್ತೆ ಮಾಡಿತು. ಮಾರನೇ ದಿನವೇ ಎನ್‌ಐಸಿಗೆ ಕೊಟ್ಟಿದ್ದ ಸಹಿಯ ಅಧಿಕಾರ ರದ್ದಾಯಿತು. ಒಂದು ಸಹಿಗೆ ಅಷ್ಟು ಬೆಲೆ.

ನಾವು ಮಾಡಿದ್ದು

1. ಮೊದಲು ವಿಳಾಸ. ರೂಟರ್‌ನ ವ್ಯಾನ್ ಐಪಿ ನೋಡಿದರೆ 100.64ರಿಂದ 100.127ರ ಒಳಗಿತ್ತು. ಅಂದ್ರೆ ಒಂದೇ ಪಬ್ಲಿಕ್ ಐಪಿಯನ್ನು ಹಲವು ಗ್ರಾಹಕರು ಹಂಚಿಕೊಂಡಿದ್ದಾರೆ, ಹೊರಗಿಂದ ನೇರ ದಾರಿ ಇಲ್ಲ. ಅದುವರೆಗೆ ಒಂದು ಟನೆಲ್ ಸಾಫ್ಟ್‌ವೇರ್ ಮೂಲಕ ನಡೆಯುತ್ತಿತ್ತಂತೆ. ಮಾವ ದುಡ್ಡು ಕಟ್ಟಿ ಸ್ಟ್ಯಾಟಿಕ್ ಐಪಿ ತೆಗೆದುಕೊಂಡರು.

2. ಆಮೇಲೆ ಹೆಸರು. ಒಂದು ಡೊಮೇನ್ ಕೊಂಡು, ಅದರ ‘ಎ’ ರೆಕಾರ್ಡ್ ಈ ಐಪಿಗೆ ತೋರಿಸಿದೆವು. ಸರ್ಟಿಫಿಕೇಟ್‌ನಲ್ಲಿ ಇರೋ ಹೆಸರೇ ಎಲ್ಲರೂ ಟೈಪ್ ಮಾಡುವ ಹೆಸರಾಗಿರಬೇಕು. ಐಪಿ ಹೊಡೆದು ಕನೆಕ್ಟ್ ಆದರೆ ಹೆಸರು ಹೊಂದೋದಿಲ್ಲ, ವಾರ್ನಿಂಗ್ ವಾಪಸ್.

3. ರಿಮೋಟ್ ಡೆಸ್ಕ್‌ಟಾಪ್‌ನ ಪೋರ್ಟ್ 3389 ಅನ್ನು ಹೊರಗೆ ತೆರೆದಿಡಲೇ ಬಾರದು. ಸರ್ವರ್‌ನಲ್ಲಿ ರಿಮೋಟ್ ಡೆಸ್ಕ್‌ಟಾಪ್ ಗೇಟ್‌ವೇ ಹಾಕಿ, ಪೋರ್ಟ್ 443ರಿಂದ ಮಾತ್ರ ಒಳಗೆ ಬಿಟ್ಟೆವು. ಹೆಸರಿನ ಪರೀಕ್ಷೆಗೆ ಅಂತ ಪೋರ್ಟ್ 80 ಕೂಡ ತೆರೆದೆವು.

4. ಸರ್ಟಿಫಿಕೇಟ್ ಪಡೆದದ್ದು ಲೆಟ್ಸ್ ಎನ್‌ಕ್ರಿಪ್ಟ್‌ನಿಂದ, ಉಚಿತ. ವಿನ್-ಆಕ್ಮಿ ಎಂಬ ಟೂಲ್ ಸರ್ವರ್‌ನಲ್ಲೇ ಪ್ರೈವೇಟ್ ಕೀ ಮಾಡಿ, ಪಬ್ಲಿಕ್ ಕೀ ಇರುವ ಅರ್ಜಿಯನ್ನು ಮಾತ್ರ ಹೊರಗೆ ಕಳಿಸುತ್ತೆ. ಅಥಾರಿಟಿ ಒಂದು ಗುರುತಿನ ಫೈಲ್ ಇಡಲು ಹೇಳಿ, ಆ ಹೆಸರಿನಿಂದಲೇ ಬಂದು ಓದಿ ನೋಡುತ್ತೆ. ಸಿಕ್ಕಿದರೆ ಸಹಿ. ಪ್ರೈವೇಟ್ ಕೀಯನ್ನು ಯಾರಿಗೂ ಮೇಲ್, ವಾಟ್ಸಾಪ್ ಮಾಡಬೇಡಿ.

5. ಸರ್ಟಿಫಿಕೇಟನ್ನು ಎರಡು ಕಡೆ ಹಾಕಬೇಕು: ಗೇಟ್‌ವೇಗೆ, ಮತ್ತು ಒಳಗಿನ ರಿಮೋಟ್ ಡೆಸ್ಕ್‌ಟಾಪ್‌ಗೆ.

ಕೊನೆಗೆ ಕೋಟೆಯಿಂದ ಕನೆಕ್ಟ್ ಮಾಡಿಸಿದೆವು. ವಾರ್ನಿಂಗ್ ಇಲ್ಲ! “ಅಕ್ಕ, ಇನ್ಮೇಲೆ ಆ ಹಳದಿ ಬಾಕ್ಸ್ ಬಂದ್ರೆ ಯೆಸ್ ಒತ್ಬೇಡಿ, ನಮಗೆ ಫೋನ್ ಮಾಡಿ” ಅಂತ ಹೇಳಿ ಬಂದೆವು.

ನಮ್ಮ ತಪ್ಪು

ಮೂರು ತಿಂಗಳು ಕಳೆದು ಒಂದು ಬೆಳಗ್ಗೆ, ಲ್ಯಾಬ್‌ನಲ್ಲಿದ್ದಾಗ ಅಕ್ಕನ ಫೋನು. “ಅದು ಮತ್ತೆ ಬಂದಿದೆ ಕಣಪ್ಪ. ಜಿಎಸ್‌ಟಿ ಕಟ್ಟೋಕೆ ಇವತ್ತೇ ಕೊನೇ ದಿನ, ಆದ್ರೂ ನಾನು ಒತ್ತಿಲ್ಲ.”

ನೋಡಿದರೆ ತಪ್ಪು ನಮ್ಮದೇ. ನಾವು ಪಡೆದ ಸರ್ಟಿಫಿಕೇಟ್ 90 ದಿನದ್ದು. ಟೂಲ್ ಅವಧಿಗೆ ಮೊದಲೇ ಹೊಸದನ್ನು ತಂದಿತ್ತು. ಆದರೆ ನಾವು ಅದಕ್ಕೆ ಗೇಟ್‌ವೇಗೆ ಹಾಕುವ ಸ್ಕ್ರಿಪ್ಟ್ ಮಾತ್ರ ಕೊಟ್ಟಿದ್ದೆವು. ಒಳಗಿನದನ್ನು ಮೊದಲ ಸಲ ಕೈಯಲ್ಲೇ ಹಾಕಿ ಮರೆತಿದ್ದೆವು. ಗೇಟ್‌ವೇ ಹೊಸದು, ಒಳಗೆ ಅವಧಿ ಮುಗಿದ ಹಳೇದು. ಮಾವನ ಕೈಯಲ್ಲಿ ಫೋನಿನಲ್ಲೇ ಸರಿ ಮಾಡಿಸಿ, ಎರಡನೇ ಸ್ಕ್ರಿಪ್ಟ್ ಕೂಡ ಸೇರಿಸಿದೆವು. ಮಧ್ಯಾಹ್ನದೊಳಗೆ ರಿಟರ್ನ್ ಹೋಯಿತು.

ನೀವು ಯಾರಿಗಾದರೂ ಹೀಗೆ ಹಾಕಿಕೊಟ್ಟರೆ, ಹಾಕಿದ ದಿನವೇ ರಿನೀವಲ್ ಕೂಡ ಒಮ್ಮೆ ಓಡಿಸಿ ನೋಡಿ. 2029ರ ಮಾರ್ಚ್ 15ರಿಂದ ಸಾರ್ವಜನಿಕ ಸರ್ಟಿಫಿಕೇಟ್‌ಗಳ ಅವಧಿ ಹೆಚ್ಚೆಂದರೆ 47 ದಿನ ಅಂತ ತೀರ್ಮಾನವಾಗಿದೆ, ಕೈಯಲ್ಲಿ ಮಾಡ್ತೀವಿ ಅನ್ನೋ ಮಾತೇ ಇರೋದಿಲ್ಲ.

ಇನ್ನೊಂದು ಮಾತು. ಆ ದಿನ ನಮ್ಮ ಸೆಟಪ್ ಕೈಕೊಟ್ಟಿತ್ತು, ಅಕ್ಕ ಕೈಕೊಡಲಿಲ್ಲ. ವರ್ಷಗಟ್ಟಲೆ ಯೆಸ್ ಒತ್ತಿದವರು, ಕೊನೇ ದಿನದ ಗಡಿಬಿಡಿಯಲ್ಲೂ ನಿಲ್ಲಿಸಿ ಫೋನ್ ಮಾಡಿದರು. ‘ಯೂಸರ್‌ಗಳಿಗೆ ಏನೂ ಗೊತ್ತಾಗಲ್ಲ’ ಅಂತ ನಾವು ಹಾಸ್ಟೆಲ್‌ನಲ್ಲಿ ಎಷ್ಟು ಸಲ ಹೇಳಿಲ್ಲ? ಯೆಸ್ ಒತ್ತಿ ಅಂತ ಅವರಿಗೆ ಕಲಿಸಿದ್ದು ನಮ್ಮಂಥವರೇ. ಒತ್ತಬೇಡಿ ಅಂತ ಕಲಿಸೋಕೆ ನಮಗೆ ಹಿಡಿದದ್ದು ಎರಡು ನಿಮಿಷ.