ಮಾಯದ ಗಾಯ, ಮುಗಿಯದ ಖರ್ಚು

ಸಕ್ಕರೆ ಕಾಯಿಲೆಯವರ ಪಾದದ ಹುಣ್ಣು, ಕಾಲಿನ ನರ ಉಬ್ಬಿ ಆಗುವ ಹುಣ್ಣು, ಹಾಸಿಗೆ ಹಿಡಿದವರ ಬೆನ್ನಿನ ಹುಣ್ಣು ತಿಂಗಳು ಕಳೆದರೂ ಮಾಯುವ ಲಕ್ಷಣ ಕಾಣದಿದ್ದರೆ ಆರೈಕೆ ಬಹಳ ದಿನ ಹಿಡಿಯುತ್ತದೆ ಎಂದೇ ತಿಳಿಯಿರಿ. ಆಸ್ಪತ್ರೆಯ ಬಿಲ್ಲು ಕಟ್ಟಿ ಮನೆಗೆ ಬಂದವರು ಖರ್ಚು ಮುಗಿಯಿತೆಂದುಕೊಳ್ಳುತ್ತಾರೆ. ನಿಜವಾದ ಲೆಕ್ಕ ಶುರುವಾಗುವುದೇ ಆಮೇಲೆ.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ನೆರವಿದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ದಾಖಲಾಗಿ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುವವರಿಗೆ ಇದು ದೊಡ್ಡ ಆಸರೆ. ಆದರೆ ತಿಂಗಳುಗಟ್ಟಲೆ ಮನೆಯಲ್ಲಿ ಬಳಸುವ ಗಾಜ್, ಸಲೈನ್, ಗ್ಲೌಸ್, ಟೇಪು ನಿಮ್ಮ ಕೈಯಿಂದಲೇ ಆಗಬೇಕು. ದಿನಕ್ಕೊಂದು ಡ್ರೆಸ್ಸಿಂಗ್, ಒಂದಕ್ಕೆ 100 ರೂಪಾಯಿ ಎಂದಿಟ್ಟುಕೊಂಡರೂ ತಿಂಗಳಿಗೆ 3,000. ಮಳೆಗಾಲದಲ್ಲಿ ಪಟ್ಟಿ ಒದ್ದೆಯಾಗಿ ದಿನಕ್ಕೆರಡು ಸಲ ಬದಲಿಸಬೇಕಾಗಿ ಬಂದರೆ ಅದರ ಎರಡರಷ್ಟು.

ಬಿಲ್ಲಿನಲ್ಲಿ ಕಾಣದ್ದು ಇನ್ನೂ ಇದೆ. ಕಾರ್ಕಳದಿಂದ ಮಣಿಪಾಲಕ್ಕೆ ಬಸ್ಸಿದೆ; ಆದರೆ ಪಾದದಲ್ಲಿ ಹುಣ್ಣಿರುವವರು ಬಸ್‌ಸ್ಟ್ಯಾಂಡಿನವರೆಗೆ ನಡೆಯಬಾರದು, ಹಾಗಾಗಿ ರಿಕ್ಷಾ. ಕಾಪುವಿನ ಮೀನುಗಾರರ ಮನೆಯಲ್ಲಿ ದುಡಿಯುವವರೇ ಕಾಲೆತ್ತಿ ಕುಳಿತರೆ ಆದಾಯ ನಿಲ್ಲುತ್ತದೆ. ಜೊತೆಗೆ ಹೋಗುವ ಮಗಳು ಬೀಡಿ ಕಟ್ಟುವವಳಾದರೆ ಆ ದಿನದ ಮಜೂರಿಯೂ ಹೋಯಿತು. ಒಂದು ನೋಟ್‌ಬುಕ್ ಇಟ್ಟು ಇದನ್ನೂ ಬರೆಯಿರಿ. ನನ್ನ ಮಟ್ಟಿಗೆ ಗಾಯದ ಖರ್ಚೆಂದರೆ ಇದೆಲ್ಲ ಸೇರಿದ್ದು.

ಉಳಿಸಲು ದಾರಿಯಿದೆ. ದೊಡ್ಡ ಸಲೈನ್ ಬಾಟಲಿ ಅಗ್ಗವೆನಿಸುತ್ತದೆ, ಆದರೆ ತೆರೆದದ್ದನ್ನು 24 ಗಂಟೆಯ ಮೇಲೆ ಗಾಯಕ್ಕೆ ಬಳಸಬಾರದು. ಚಿಕ್ಕ ಗಾಯಕ್ಕೆ 100 ಎಂಎಲ್ ಬಾಟಲಿಯೇ ಲಾಭ. ಹೊರಗೆ ಸುತ್ತುವ ಕ್ರೇಪ್ ಬ್ಯಾಂಡೇಜನ್ನು ಸೋಪಿನಲ್ಲಿ ಒಗೆದು ಒಣಗಿಸಿ ಮತ್ತೆ ಕಟ್ಟಬಹುದು; ಗಾಯಕ್ಕೆ ತಾಗುವ ಗಾಜ್ ಬಟ್ಟೆಯನ್ನು ಮಾತ್ರ ಎಂದಿಗೂ ಬೇಡ. ಔಷಧಿಯನ್ನು ಮೊದಲು ಜನೌಷಧಿ ಕೇಂದ್ರದಲ್ಲಿ ವಿಚಾರಿಸಿ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಡ್ರೆಸ್ಸಿಂಗ್ ಆಗುತ್ತದೆಯೇ ಕೇಳಿ. ಆಗುವುದಾದರೆ ರಿಕ್ಷಾದ ಹಣವೂ ಉಳಿಯುತ್ತದೆ.

ಉಳಿತಾಯವೆಂದು ಅರಶಿನ, ಕಾಫಿಪುಡಿ ಹಚ್ಚಬೇಡಿ. ಡಾಕ್ಟರು ಹೇಳಿದ ಎಂಸಿಆರ್ (ಮೆತ್ತನೆಯ ರಬ್ಬರಿನ) ಚಪ್ಪಲಿಯನ್ನು ದುಬಾರಿಯೆಂದು ಮುಂದಕ್ಕೆ ಹಾಕಲೂಬೇಡಿ. ಸ್ಪರ್ಶಜ್ಞಾನ ಹೋದ ಪಾದದ ಮೇಲೆ ಭಾರ ಬೀಳುತ್ತಲೇ ಇದ್ದರೆ ಎಷ್ಟು ಪಟ್ಟಿ ಕಟ್ಟಿದರೂ ಹುಣ್ಣು ಮಾಯುವುದಿಲ್ಲ. ಮಣಿಪಾಲದ ಮಾಹೆ ವಿಶ್ವವಿದ್ಯಾಲಯದಲ್ಲಿ ಮಧುಮೇಹಿಗಳ ಪಾದದ ಆರೈಕೆಗೆಂದೇ ಒಂದು ಕೇಂದ್ರವಿದೆ. ಪಾದರಕ್ಷೆಯ ಸಲಹೆಯನ್ನು ಅಲ್ಲಿ ಕೇಳಬಹುದು.

ತಡಮಾಡಿದರೆ ಎಷ್ಟಾದೀತು? ಐದು ದೇಶಗಳನ್ನು ಹೋಲಿಸಿದ 2012ರ ಅಧ್ಯಯನವೊಂದರ ಅಂದಾಜಿನಲ್ಲಿ, ಪಾದದ ಹುಣ್ಣು ಬಿಗಡಾಯಿಸಿದರೆ ಭಾರತದ ರೋಗಿಗೆ ಬೀಳುವ ಹೊರೆ 5.7 ವರ್ಷದ ಸರಾಸರಿ ಆದಾಯದಷ್ಟು. ಆದ್ದರಿಂದ ಜ್ವರ, ದುರ್ವಾಸನೆ, ಸುತ್ತಲೂ ಹರಡುವ ಕೆಂಪು, ಕಪ್ಪಾಗುವ ಬೆರಳು ಕಂಡರೆ ಸಂತೆ, ಹಬ್ಬ, ಸಂಬಳದ ದಿನ ಎಂದು ಕಾಯದೆ ಅಂದೇ ಹೊರಡಿ. ಕಾರ್ಕಳದ ತಾಲ್ಲೂಕು ಆಸ್ಪತ್ರೆಗಾಗಲಿ ಉಡುಪಿ ಅಜ್ಜರಕಾಡಿನ ಜಿಲ್ಲಾಸ್ಪತ್ರೆಗಾಗಲಿ ಹೋಗುವಾಗ ರೇಷನ್ ಕಾರ್ಡು, ಆಧಾರ್, ಹಳೆಯ ಚೀಟಿಗಳು ಚೀಲದಲ್ಲಿರಲಿ.