ಹೈಪೋ ಬಚ್ಚಲಿಗಲ್ಲ

ತಮ್ಮಾ,

ಫಿಲ್ಮ್ ತೊಳೆಯಲು ಬಳಸಿದ ಡೆವಲಪರನ್ನೂ ಚಿತ್ರ ನಿಲ್ಲಿಸುವ ಹೈಪೋ ದ್ರಾವಣವನ್ನೂ ನೀರು ಬೆರೆಸಿ ಬಚ್ಚಲಿಗೆ ಬಿಟ್ಟರಾಯಿತು ಎಂದು ನೀನು ನಂಬಿರುವುದು ನನಗೆ ಆತಂಕ ತಂದಿದೆ, ಸಿಟ್ಟೂ ಬಂದಿದೆ. ಆ ಸಲಹೆ ಒಳಚರಂಡಿ, ಶುದ್ಧೀಕರಣ ಘಟಕ ಇರುವ ಊರಿನವರಿಗೆ ಹೇಳಿದ್ದು. ನೀನಿರುವ ಪಡುಬಿದ್ರಿಯ ಮನೆಗಳಲ್ಲಿ ಬಚ್ಚಲ ನೀರು ಇಳಿಯುವುದು ಹಿತ್ತಲಿನ ಇಂಗುಗುಂಡಿಗೆ. ಅದೇ ಹಿತ್ತಲಲ್ಲಿ ಬಾವಿ. ಕಡಲ ಬದಿಯ ಮರಳು ನೆಲ. ಮಳೆಗಾಲದಲ್ಲಂತೂ ಬಾವಿಯ ನೀರು ಮೇಲಕ್ಕೇ ಬಂದಿರುತ್ತದೆ. ಈ ದ್ರವಗಳನ್ನು ಸೆಪ್ಟಿಕ್ ಟ್ಯಾಂಕಿಗೆ ಬಿಡಬೇಡಿ ಎಂದು ಫಿಲ್ಮ್ ಮಾರಿದ ಕೊಡಾಕ್ ಕಂಪನಿಯೇ ಹೇಳಿದೆ. ಒಳಚರಂಡಿ ಪೈಪು ಇದ್ದಲ್ಲೂ ನೆಮ್ಮದಿಯಿಲ್ಲ: ನಿಟ್ಟೂರಿನಲ್ಲಿ ಘಟಕವಿದ್ದೂ ಉಡುಪಿಯ ಇಂದ್ರಾಣಿ ಹೊಳೆಗೆ ಕೊಳಚೆ ಸೇರಿ ದಡದ ಬಾವಿಗಳು ಕೆಟ್ಟಿವೆ.

ಬೆಳ್ಳಿಯ ಲವಣಗಳನ್ನು ಹೈಪೋ ಕರಗಿಸುತ್ತದೆಂದು ಜಾನ್ ಹರ್ಷೆಲ್ 1819ರಲ್ಲಿ ಕಂಡುಕೊಂಡರು. ಆ ಗುಣದಿಂದಲೇ ನಿನ್ನ ಚಿತ್ರ ನಿಲ್ಲುತ್ತದೆ, ಅದರಿಂದಲೇ ಬಳಸಿದ ಹೈಪೋದಲ್ಲಿ ಲೀಟರಿಗೆ ಕೆಲವು ಗ್ರಾಂ ಬೆಳ್ಳಿ ಉಳಿಯುತ್ತದೆ. ನಮ್ಮ ಕಾಲದ ಸ್ಟುಡಿಯೋಗಳೂ ಎಕ್ಸ್‌ರೇ ಕೋಣೆಗಳೂ ಅದನ್ನು ಕ್ಯಾನುಗಳಲ್ಲಿ ಕೂಡಿಡುತ್ತಿದ್ದವು, ಬೆಳ್ಳಿ ತೆಗೆಯುವವರು ದುಡ್ಡು ಕೊಟ್ಟು ಒಯ್ಯುತ್ತಿದ್ದರು. ಅದರ ಹಿಂದೆ ಇದ್ದದ್ದು ಲಾಭ, ನೆಲದ ಕಾಳಜಿಯಲ್ಲ. ಕಾಸು ಹುಟ್ಟದ ಡೆವಲಪರನ್ನು ಚರಂಡಿಗೇ ಚೆಲ್ಲುತ್ತಿದ್ದರು. ಡಿಜಿಟಲ್ ಬಂದ ಮೇಲೆ ಕೊಳ್ಳುವವರು ವಿರಳರಾದರು, ಕೂಡಿಡುವ ಅಭ್ಯಾಸವೂ ಹೋಯಿತು. ಎಕ್ಸ್‌ರೇ ಫಿಲ್ಮ್ ತೊಳೆದ ದ್ರವವನ್ನು 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು ರಾಸಾಯನಿಕ ತ್ಯಾಜ್ಯವೆಂದೇ ಎಣಿಸುತ್ತವೆ. ಆ ಕಾನೂನು ಆಸ್ಪತ್ರೆಗೆ, ನಿನಗಲ್ಲ, ನಿಜ. ದ್ರವ ಮಾತ್ರ ಅದೇ ಜಾತಿಯದು. ಹೈಪೋದೊಳಗೆ ಬೆಸೆದ ಬೆಳ್ಳಿ ಬಿಡಿ ಬೆಳ್ಳಿ ಅಯಾನಿನಷ್ಟು ವಿಷವಲ್ಲ ಎನ್ನುತ್ತೀಯಾ? ಒಪ್ಪಿದೆ. ಆದರೆ ಡೆವಲಪರಿನ ಹೈಡ್ರೋಕ್ವಿನೋನ್ ಮೀನಿಗೆ ವಿಷ, ಚಿತ್ರದ ಛಾಯೆ ಬದಲಿಸುವ ಸೆಲೆನಿಯಂ ಟೋನರೂ ವಿಷವೇ. ಎಲ್ಲೂರಿನ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಮುಂದೆ ನನ್ನ ಎರಡು ಲೀಟರ್ ಯಾವ ಲೆಕ್ಕ ಎಂಬ ಮಾತನ್ನಂತೂ ಆಡಬೇಡ. ನಿನ್ನ ಗುಂಡಿಯನ್ನು ಅಳೆಯಬೇಕಾದದ್ದು ನಿನ್ನ ಬಾವಿಯ ಪಕ್ಕದಲ್ಲಿಟ್ಟು. ಪಕ್ಕದ ಮನೆಯವರೂ ಅದೇ ಅಂತರ್ಜಲ ಕುಡಿಯುವವರು, ಅವರನ್ನು ಕೇಳಿದ್ದೀಯಾ?

ಗದರಿದ್ದಕ್ಕೆ ಬೇಸರಿಸಬೇಡ, ಕತ್ತಲೆ ಕೋಣೆ ಮುಚ್ಚು ಎನ್ನುತ್ತಿಲ್ಲ. ಬಳಸಿದ ಹೈಪೋಗೆ ಸ್ಟೀಲ್ ವೂಲ್ ಹಾಕಿ ಬೆಳ್ಳಿಯನ್ನು ನೀನೇ ಇಳಿಸಬಹುದು, ಕಬ್ಬಿಣ ಕರಗಿ ಬೆಳ್ಳಿ ಕಪ್ಪು ಕೆಸರಾಗಿ ಕೂರುತ್ತದೆ. ಉಳಿದ ದ್ರವ ಹೇಗೂ ಗುಂಡಿಗೆ ಸಲ್ಲದ್ದರಿಂದ, ಎಲ್ಲವನ್ನೂ ಕೂಡಿಟ್ಟು ಒಪ್ಪಿಸುವುದೇ ಮೇಲು. ಅಧಿಕೃತವಾಗಿ ಪಡೆಯುವವರು ಯಾರೆಂದು ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಯಲ್ಲಿ ಕೇಳು. ಹೈಪೋವನ್ನು ಬೇಗ ಚೆಲ್ಲಲೂಬೇಡ: ಫಿಲ್ಮಿನ ತುಂಡು ತಿಳಿಯಾಗಲು ಹೊಸದರಲ್ಲಿ ಹಿಡಿದ ಸಮಯದ ಎರಡರಷ್ಟು ಹಿಡಿಯುವವರೆಗೆ ಬಳಸು. ಡೆವಲಪರಿಗೆ ಬೇರೆ ಕ್ಯಾನು ಇಡು. ಹೈಪೋ ಅಮೋನಿಯಂ ಬಗೆಯದಾದರೆ, ಎರಡೂ ಬೆರೆತಾಗ ಅಮೋನಿಯಾ ಏಳಬಹುದು. ಕುಡಿಯುವ ನೀರಿನ ಬಾಟಲಿಗೆ ಮಾತ್ರ ಎಂದೂ ತುಂಬಬೇಡ. ಕ್ಯಾನಿನ ಮೇಲೆ ಹೆಸರು, ತಾರೀಕು ಬರೆದು ಮಕ್ಕಳ ಕೈಗೆ ಸಿಗದಂತೆ ಇಡು.