ಬೈಸಿಕಲ್ಲೂ ನಮ್ಮ ಹೆಣ್ಣುಮಕ್ಕಳೂ

ಹೋದ ವರ್ಷದ ಮಳೆಗಾಲದಲ್ಲಿ ತಂದೆಯೊಬ್ಬರು ನಮ್ಮ ಕೊಠಡಿಗೆ ಬಂದು, ತಮ್ಮ ಮಗಳನ್ನು ಶಾಲೆ ಬಿಡಿಸುವುದಾಗಿ ಹೇಳಿದರು. ಒಂಬತ್ತನೆಯ ತರಗತಿಯ ಆ ಬಾಲಿಕೆಯು ದಿನವೂ ಐದು ಕಿಲೋಮೀಟರು ದೂರದಿಂದ ಬೈಸಿಕಲ್ಲಿನ ಮೇಲೆ ಬರುತ್ತಿದ್ದಳು. ಅವಳ ದುಪಟ್ಟಾ ಹಿಂದಿನ ಚಕ್ರಕ್ಕೆ ಸಿಕ್ಕಿ, ನಡುರಸ್ತೆಯಲ್ಲಿ ಬಿದ್ದು ಕೈ ಮುರಿದುಕೊಂಡಿದ್ದಳು. ಹಿಂದೆ ಬರುತ್ತಿದ್ದ ಲಾರಿಯವನು ಒಡನೆಯೇ ನಿಲ್ಲಿಸಿದ್ದರಿಂದ ಪ್ರಾಣವುಳಿಯಿತು. “ಜೀವಕ್ಕಿಂತ ಓದು ಹೆಚ್ಚೇನಮ್ಮ?” ಎಂದು ಅವರು ಕೇಳಿದಾಗ ನಮಗೆ ಉತ್ತರ ತೋಚಲಿಲ್ಲ. ವ್ಯಾಕರಣವನ್ನೂ ಬೀಜಗಣಿತವನ್ನೂ ನಾವು ಅವಳಿಗೆ ಕಲಿಸಿದ್ದೆವು. ರಸ್ತೆಯಲ್ಲಿ ಹೇಗೆ ಸಾಗಬೇಕೆಂಬುದನ್ನು ಕಲಿಸಿರಲಿಲ್ಲ. ಈ ಕುಂದು ನಮ್ಮದೇ ಸರಿ.

1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿಯವರು ತಗ್ಗಾದ ಚಕ್ರಗಳ, ಚೈನಿನಿಂದ ನಡೆಯುವ ಬೈಸಿಕಲ್ಲನ್ನು ರೂಪಿಸಿದ ಮೇಲೆಯೇ ಸ್ತ್ರೀಯರು ಇದನ್ನು ಸುಲಭವಾಗಿ ಏರುವಂತಾಯಿತು. ಅಮೇರಿಕದ ಫ್ರಾನ್ಸಿಸ್ ವಿಲ್ಲರ್ಡ್ ಎಂಬ ಮಹಿಳೆಯು ಐವತ್ತು ದಾಟಿದ ಮೇಲೆ ಸವಾರಿ ಕಲಿತು, 1895ರಲ್ಲಿ ಅದರ ವೃತ್ತಾಂತವನ್ನು ಪುಸ್ತಕವಾಗಿಯೂ ಬರೆದರು. ನಮ್ಮ ರಾಜ್ಯದಲ್ಲಿ 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸರಕಾರವು ಬೈಸಿಕಲ್ಲು ಕೊಡತೊಡಗಿದಾಗ ಎಷ್ಟೋ ಹಳ್ಳಿಗಳ ಹೆಣ್ಣುಮಕ್ಕಳಿಗೆ ಹೈಸ್ಕೂಲು ಹತ್ತಿರವಾಯಿತು. ಇಂಥ ಸಾಧನವನ್ನು ಭಯದಿಂದ ಮೂಲೆಗೆ ಸೇರಿಸುವುದು ನಮಗೆ ಸಮ್ಮತವಲ್ಲ.

ಹೊರಡುವ ಮುನ್ನ ದುಪಟ್ಟಾವನ್ನು ಸೊಂಟಕ್ಕೆ ಬಿಗಿಯಾಗಿ ಕಟ್ಟತಕ್ಕದ್ದು. ಎರಡು ಬ್ರೇಕುಗಳನ್ನೂ ಹಿಡಿದು ನೋಡತಕ್ಕದ್ದು. ಗಂಟೆಗೆ ಹದಿನೈದು ಕಿಲೋಮೀಟರು ವೇಗದಲ್ಲಿ ಹೋಗುವವಳು ಒಂದು ಸೆಕೆಂಡಿನಲ್ಲಿ ನಾಲ್ಕು ಮೀಟರು ಮುಂದೆ ಸಾಗಿರುತ್ತಾಳೆ. ಅಪಾಯವನ್ನು ಕಂಡು ಬೆರಳು ಬ್ರೇಕನ್ನು ಒತ್ತುವಷ್ಟರಲ್ಲಿಯೇ ಇಷ್ಟು ದೂರ ಕಳೆದಿರುತ್ತದೆ. ಮಳೆಯಲ್ಲಿ ಚಕ್ರದ ಅಂಚು ತೊಯ್ದು ಬ್ರೇಕಿನ ಹಿಡಿತ ತಗ್ಗುವುದರಿಂದ ಇನ್ನೂ ಮುಂಚೆಯೇ ಮೆಲ್ಲಗೆ ಒತ್ತುತ್ತ ಬರಬೇಕು. ಇಳಿಜಾರಿನಲ್ಲಿ ಮುಂದಿನ ಬ್ರೇಕೊಂದನ್ನೇ ಗಟ್ಟಿಯಾಗಿ ಹಿಡಿದರೆ ಸವಾರಳು ಹ್ಯಾಂಡಲಿನ ಮೇಲಿಂದ ಮುಂದಕ್ಕೆ ಬೀಳುವಳು. ರೈಲು ಹಳಿಗಳನ್ನು ಓರೆಯಾಗಿ ದಾಟಕೂಡದು. ಚಕ್ರ ಸಂದಿಗೆ ಸಿಕ್ಕುವುದು.

ರಸ್ತೆಯ ಎಡಗಡೆಯಲ್ಲಿ, ಒಬ್ಬರ ಹಿಂದೊಬ್ಬರು. ಗೆಳತಿಯರು ಜೊತೆಜೊತೆಯಾಗಿ ಮಾತಾಡುತ್ತ ಹೋಗುವ ಸುಖ ನಮಗೂ ತಿಳಿಯದ್ದಲ್ಲ, ಆದರೂ ಕೂಡದು. ನಿಂತ ಕಾರಿನ ಬದಿಯಲ್ಲಿ ಅದರ ಬಾಗಿಲು ತೆರೆಯುವಷ್ಟು ಅಂತರವಿರಲಿ. ಎಡಕ್ಕೆ ತಿರುಗುವ ಲಾರಿಯ ಎಡಮಗ್ಗುಲಿನಲ್ಲಿ ಎಂದಿಗೂ ನುಸುಳಬಾರದು. ಅಲ್ಲಿರುವವಳು ಚಾಲಕನ ಕಣ್ಣಿಗೆ ಬೀಳುವುದಿಲ್ಲ. ಲಾರಿಯ ಹಿಂದಿನ ಚಕ್ರಗಳೋ ಮುಂದಿನವುಗಳಿಗಿಂತ ಒಳಗಾಗಿ ಹೊರಳುತ್ತವೆ.

ಇನ್ನು ಕೆರೆಯ ಏರಿ, ಕಾಲುವೆಯ ದಂಡೆ, ಹೊಲದ ಕಾಲುದಾರಿ. ಇಲ್ಲಿ ಲಾರಿಯ ಭಯವಿಲ್ಲ, ನಮ್ಮಿಂದಲೇ ಇತರರಿಗೆ ಭಯ. ನಾವು ಹದಿನಾಲ್ಕರ ಬಾಲಿಕೆಯಾಗಿದ್ದಾಗ ಏರಿಯ ಮೇಲೆ ಹುಲ್ಲಿನ ಹೊರೆ ಹೊತ್ತ ಮುದುಕಿಯೊಬ್ಬಳ ಬೆನ್ನ ಹಿಂದೆಯೇ ಗಂಟೆ ಬಾರಿಸಿದೆವು. ಆಕೆ ಬೆಚ್ಚಿ ಹೊರೆಸಮೇತ ಇಳಿಜಾರಿಗೆ ಜಾರಿದಳು. ಮೇಲೆತ್ತಿದಾಗ, “ತಲೆ ಮೇಲೆ ಹೊರೆ ಇದ್ದರೆ ಹಿಂದಕ್ಕೆ ತಿರುಗೋದಕ್ಕಾಗ್ತದೇನು ಮಗಾ?” ಎಂದಷ್ಟೇ ಅಂದಳು. ಆಕೆಯ ಮೊಣಕೈಯಿಂದ ರಕ್ತ ಸುರಿಯುತ್ತಿತ್ತು. ಗಂಟೆಯನ್ನು ದೂರದಿಂದಲೇ ಒಮ್ಮೆ ಬಾರಿಸಿ, ಹೊರೆ ಹೊತ್ತವರನ್ನು ಕಂಡಲ್ಲಿ ಕೆಳಗಿಳಿದು ದಾರಿ ಬಿಡುವ ಪದ್ಧತಿ ನಮಗೆ ಅಂದಿನಿಂದ ಬಂದದ್ದು. ಎಮ್ಮೆಗಳ ಹಿಂಡಿಗೆ ಗಂಟೆ ಬಾರಿಸಿ ಪ್ರಯೋಜನವಿಲ್ಲ. ಕಾಯುವುದೇ ಉಪಾಯ.

ಆ ತಂದೆಯವರಿಂದ ನಾವು ಒಂದು ತಿಂಗಳ ಅವಧಿ ಬೇಡಿದೆವು. ಕೈ ಕೂಡಿಬಂದ ಮೇಲೆ ಬಾಲಿಕೆಯು ನಾಲ್ಕು ಶನಿವಾರ ಶಾಲೆಯ ಅಂಗಳದಲ್ಲಿ ಸುಣ್ಣದ ಗೆರೆಗಳ ನಡುವೆ ಅಭ್ಯಾಸಮಾಡಿದಳು; ಇತರ ಬಾಲಿಕೆಯರೂ ಕೂಡಿಕೊಂಡರು. ಕೊನೆಯ ಶನಿವಾರ ತಂದೆಯವರು ಬಂದು ಬೇಲಿಯ ಬಳಿ ನಿಂತು ನೋಡಿದರು. ಏನನ್ನೂ ಹೇಳಲಿಲ್ಲ. ಸೋಮವಾರ ಅವಳ ಬೈಸಿಕಲ್ಲಿನ ಹಿಂದಿನ ಚಕ್ರಕ್ಕೆ ಬಟ್ಟೆ ಸಿಕ್ಕದಂತೆ ತಂತಿಯ ಜಾಲರಿ ಕಟ್ಟಿತ್ತು.